ಒಂದು ದಿನ ಮೊದಲೇ ಸತ್ತ ಸುಲ್ತಾನ

ಆ ವರ್ಷ ನಮ್ಮ ಮನೆಯ ರೇಷ್ಮೆ ಬೆಳೆ ಹಾಳಾದದ್ದು ಯಾರ ಕಣ್ಣು ಬಿದ್ದೂ ಅಲ್ಲ, ಸೊಪ್ಪು ಕೆಟ್ಟೂ ಅಲ್ಲ. ಶ್ರೀರಂಗಪಟ್ಟಣದ ಸುಲ್ತಾನ ಒಂದು ದಿನ ಮೊದಲೇ ಸತ್ತುಹೋದ, ಅದಕ್ಕೆ ಹಾಳಾಯಿತು. ಸಾಯಿಸಿದವಳು ನಾನು. ಹುಳುಮನೆಗೆ ಮೈಲಿಗೆ ತಾಗಿತ್ತು ಅಂತ ಊರಲ್ಲಿ ಈಗಲೂ ಒಬ್ಬಿಬ್ಬರು ಅನ್ನುತ್ತಾರೆ. ಮೈಲಿಗೆಯೂ ಇಲ್ಲ, ಮಣ್ಣೂ ಇಲ್ಲ. ನನ್ನ ಹೊಟ್ಟೆಕಿಚ್ಚು, ಅಷ್ಟೆ.

ನಾನು ಮಾಲೂರು ತಾಲೂಕಿನವಳು. ಓದಿದ್ದು ಎರಡನೇ ಕ್ಲಾಸು. ಸುಗಟೂರಿನ ಪಕ್ಕದ ಹಳ್ಳಿಗೆ ಮದುವೆಯಾಗಿ ಬಂದಾಗ ರೇಷ್ಮೆ ಅಂದರೆ ಸೀರೆ ಅಂತ ಮಾತ್ರ ಗೊತ್ತಿತ್ತು. ಬಂದ ವಾರದಲ್ಲೇ ಅತ್ತೆ ನನ್ನ ಅಂಗೈ ಮೇಲೆ ಒಂದು ಹುಳು ಬಿಟ್ಟು, "ಹೆದರ್ಕೊಳೋದಿದ್ರೆ ಇವತ್ತೇ ಹೆದರ್ಕೊಂಡು ಮುಗಿಸ್ಬಿಡು, ನಾಳೆಯಿಂದ ಪುರಸೊತ್ತಿಲ್ಲ" ಅಂದರು. ನಾನು ಹೆದರಲಿಲ್ಲ. ಹುಳುವಿನ ಮೈ ತಣ್ಣಗಿತ್ತು, ಅಷ್ಟೇ ನೆನಪು.

ನಮ್ಮ ನಡುಮನೆಯೇ ಹುಳುಮನೆ. ಬಿದಿರಿನ ತಟ್ಟೆಗಳು ಒಂದರ ಮೇಲೊಂದು, ಇರುವೆ ಹತ್ತದ ಹಾಗೆ ಅಟ್ಟಣೆಯ ಕಾಲುಗಳ ಕೆಳಗೆ ನೀರಿನ ಬಟ್ಟಲು. ಹುಳು ಮನೆಯೊಳಗೆ, ನಾವು ಜಗಲಿ ಮೇಲೆ. ಹುಳು ನಾಲ್ಕು ಸಲ ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು ಸುಮ್ಮನೆ ಇದ್ದು ಪೊರೆ ಕಳಚುತ್ತದೆ. ಅದಕ್ಕೆ ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಏಳೆಂಟು ದಿನ ಬಕಾಸುರನ ಹಾಗೆ ತಿಂದು, ಆಮೇಲೆ ಒಂದು ದಿನ ಹಣ್ಣಾಗುತ್ತದೆ. ಮೈ ಹಳದಿ ತಿರುಗುತ್ತದೆ, ಬೆಳಕಿಗೆ ಹಿಡಿದರೆ ಒಳಗಿನದು ಕಾಣುತ್ತದೆ. ಅವತ್ತೇ ಒಂದೊಂದನ್ನೂ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಅಂದರೆ ಹುಳು ಗೂಡು ಕಟ್ಟುವುದಕ್ಕೆ ಬಿದಿರು ದಬ್ಬೆಯನ್ನು ಸುತ್ತುಸುತ್ತಾಗಿ ಹೆಣೆದು ಚಾಪೆಗೆ ಕಟ್ಟಿದ್ದು. ತಡವಾದರೆ ಹುಳು ಕಾಯುವುದಿಲ್ಲ. ತಿಂದ ಸೊಪ್ಪಿನ ದಂಟಿನ ಮೇಲೇ ನೂಲು ಉಗುಳಿಕೊಂಡು ಬಿಡುತ್ತದೆ. ಎರಡೆರಡು ಸೇರಿ ಒಂದೇ ಗೂಡು ಕಟ್ಟುತ್ತವೆ. ಆ ಗೂಡಿನಿಂದ ನೂಲು ಎಳೆಯಲು ಬರುವುದಿಲ್ಲ.

ಯಾವುದು ಹಣ್ಣು, ಯಾವುದು ಇನ್ನೂ ಕಾಯಿ, ಯಾವುದು ರೋಗದಿಂದ ಹಳದಿಯಾಗಿದೆ ಅಂತ ಹೇಳುವ ಕಣ್ಣು ನನಗಿತ್ತು. ಕಲಿತದ್ದಲ್ಲ, ಇತ್ತು. ಅಕ್ಕಪಕ್ಕದ ಮನೆಯವರೂ ಕರೆದು ತೋರಿಸುತ್ತಿದ್ದರು. ಅತ್ತೆಗೆ ಎರಡು ಕಣ್ಣಿಗೂ ಪೊರೆ ಬರುತ್ತಿತ್ತು. ಮೊಟ್ಟೆಯಿಂದ ಆಗ ತಾನೇ ಹೊರಬಂದ, ಎಳ್ಳಿಗಿಂತ ಸಣ್ಣ ಹುಳುವನ್ನು ಕೋಳಿಯ ಗರಿಯಲ್ಲಿ ಮೆಲ್ಲಗೆ ಗುಡಿಸಿ ತಟ್ಟೆಗೆ ಬಿಡುವುದು ಮನೆಯ ಹಿರಿಯಳ ಕೆಲಸ. ಆ ಗರಿ ಯಾರ ಕೈಯಲ್ಲಿರುತ್ತದೋ ಹುಳುಮನೆ ಅವಳದು. ಅವಳು ಹೇಳಿದಾಗ ಸೊಪ್ಪು, ಅವಳು ಹೇಳಿದಾಗ ಬಾಗಿಲು. ಅತ್ತೆ ಗರಿಯನ್ನು ತೊಲೆಯ ಸಂದಿನಲ್ಲಿ ಸಿಕ್ಕಿಸಿ ಇಟ್ಟಿದ್ದರು. ದಿನಕ್ಕೆ ಹತ್ತು ಸಲ ನಾನು ಅದನ್ನು ನೋಡುತ್ತಿದ್ದೆ. ಹಿರಿಸೊಸೆ ನಾನು, ಕಣ್ಣಿರುವವಳು ನಾನು. ಇನ್ನಾರಿಗೆ ಬರುತ್ತದೆ ಅಂದುಕೊಂಡಿದ್ದೆ.

ಆಮೇಲೆ ನನ್ನ ಮೈದುನನಿಗೆ ನಂಗಲಿ ಕಡೆಯಿಂದ ಹೆಣ್ಣು ತಂದರು.

ನನ್ನ ವಾರಗಿತ್ತಿ ಕಡ್ಡಿಯ ಹಾಗಿದ್ದಳು. ಮುದ್ದೆ ತಿರುವಿದರೆ ಗಂಟು, ಸೊಪ್ಪು ಹೆಚ್ಚಿದರೆ ಒಂದು ಎಳೆ ಇಷ್ಟು ಅಗಲ ಒಂದು ಅಷ್ಟು ಅಗಲ. ಕನ್ನಡದಲ್ಲಿ ಶುರುಮಾಡಿದ ಮಾತು ತೆಲುಗಿನಲ್ಲಿ ಮುಗಿಯುತ್ತಿತ್ತು. ರೋಗದ ಹುಳುವನ್ನು ಹಣ್ಣು ಅಂತ ಚಂದ್ರಿಕೆಗೆ ಬಿಡುತ್ತಿದ್ದಳು. ನಾನು ಹಿಂದೆಯೇ ಹೋಗಿ ತೆಗೆದು ಹಾಕುತ್ತಿದ್ದೆ. ಅವಳಿಗೆ ಬರುತ್ತಿದ್ದದ್ದು ಒಂದೇ, ಸತ್ತವರ ಕಥೆ. ದೊಡ್ಡ ದೊಡ್ಡವರು ಸತ್ತ ಕಥೆ. ಅವಳ ತಾತ ಊರೂರು ತಿರುಗಿ ಕಥೆ ಹೇಳುವವರ ಜೊತೆ ಓಡಾಡಿದವನಂತೆ.

ಮೊದಲನೆಯ ವರ್ಷ ವಿಜಯನಗರದವರದು ಹೇಳಿದಳು. ಯುದ್ಧದ ಬಯಲಲ್ಲಿ ಮುದುಕನೊಬ್ಬನ ತಲೆ ಕಡಿದು ಭರ್ಜಿಗೆ ಚುಚ್ಚಿ ಎತ್ತಿ ತೋರಿಸಿದ್ದನ್ನು ಮೂರು ದಿನ ಹೇಳಿದಳು. ಆಮೇಲೆ ಅದೇ ವಂಶದ ಇನ್ನೊಬ್ಬ ರಾಜ ಸೆರೆಯಲ್ಲಿ ಹೆಂಡತಿ ಮಕ್ಕಳ ಸಮೇತ ಹೋದದ್ದು. ಅದರಲ್ಲಿ ಒಂದು ಮಗುವನ್ನು ಮಾತ್ರ ಅಗಸರವನು ಮೈಲಿಗೆ ಬಟ್ಟೆಯ ಗಂಟಿನಲ್ಲಿ ಕಟ್ಟಿ ಹೊರಗೆ ತಂದನಂತೆ. ನಮ್ಮೂರಿನ ಅಗಸರ ಮುದುಕಿ ಅದನ್ನು ಕೇಳಿದವಳೇ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು, "ನೋಡಿದ್ರೇನಮ್ಮಾ, ನಮ್ಮೋರು! ರಾಜನ್ನ ಹೊತ್ಕೊಂಡು ಬಂದೋರು ನಮ್ಮೋರು! ನೀವು ಒಂದು ಸೇರು ರಾಗಿ ಕೊಡೋಕೆ ಮೂರು ಸಲ ತಿರುಗಿಸ್ತೀರಾ" ಅಂದಳು. ಎಲ್ಲರೂ ನಕ್ಕರು. ಅವತ್ತಿನಿಂದ ಮುದುಕಿ ನನ್ನ ವಾರಗಿತ್ತಿಯ ಸೆರಗು ಬಿಟ್ಟವಳಲ್ಲ.

ಹುಳು ಹಣ್ಣಾದ ದಿನ ಮನೆಯವರ ಕೈ ಸಾಲುವುದಿಲ್ಲ, ಹತ್ತಿಪ್ಪತ್ತು ಜನ ಬೇಕು. ನಿಮ್ಮ ಮನೆಗೆ ನಾನು, ನನ್ನ ಮನೆಗೆ ನೀನು ಅಂತ ಮುಯ್ಯಿಗೆ ಬರುತ್ತಿದ್ದರು. ಆದರೆ ನಮ್ಮೂರಲ್ಲಿ ಅದಕ್ಕೊಂದು ಕಟ್ಟುಪಾಡಿತ್ತು. ಹುಳು ಹಣ್ಣಾಗಿದೆ ಬನ್ನಿ ಅಂತ ಮನೆ ಮನೆಗೆ ಹೋಗಿ ಕರೆಯುವಂತಿಲ್ಲ. ಬಾಯಿಬಿಟ್ಟು ಹೇಳಿದರೆ ಹುಳುವಿಗೆ ಕಣ್ಣಾಗುತ್ತದೆ ಅಂತ. ಹಿಂದಿನ ದಿನ ಚಂದ್ರಿಕೆಗಳನ್ನು ತಂದು ಮನೆಯ ಮುಂದಿನ ಗೋಡೆಗೆ ಬಿಸಿಲಿಗೆ ಒರಗಿಸಬೇಕು. ನೋಡಿದವರು ತಾವಾಗಿ ಬರಬೇಕು. ಎರಡು ಮೂರು ಮನೆಯಲ್ಲಿ ಒಂದೇ ದಿನ ಚಂದ್ರಿಕೆ ಒರಗಿಸಿದರೆ, ಯಾರ ಮನೆಗೆ ಹೋಗಬೇಕು ಅನ್ನುವುದು ಹೋಗುವವರ ಇಷ್ಟ. ಮುಯ್ಯಿಯನ್ನು ಮುಂದಿನ ಬೆಳೆಗೆ ತೀರಿಸಿದರಾಯಿತು.

ಅವಳು ಬಂದ ಮೇಲೆ ಎಲ್ಲರ ಇಷ್ಟವೂ ನಮ್ಮ ಮನೆಯೇ ಆಯಿತು. ಹುಳು ಹಣ್ಣಾಗುವ ದಿನಕ್ಕೆ ಮಾತ್ರವಲ್ಲ, ಸೊಪ್ಪು ಹೆಚ್ಚುವುದಕ್ಕೂ ಬರತೊಡಗಿದರು. ಹಳೇ ತಟ್ಟೆ ತೊಳೆಯುವುದಕ್ಕೂ ಬಂದರು. ಕಂಬದ ಪಕ್ಕದ ತಂಪಾದ ಜಾಗ ಅವಳಿಗೆ ಬಿಡುತ್ತಿದ್ದರು. ಆ ಜಾಗದಲ್ಲಿ ಐದು ವರ್ಷ ನಾನು ಕೂತಿದ್ದೆ, "ಸ್ವಲ್ಪ ಆ ಕಡೆ ಸರ್ಕೊಳ್ಳಿ ಅಕ್ಕ" ಅಂದರು. ಗಂಟಲಿಗೆ ಒಳ್ಳೆಯದು ಅಂತ ಅತ್ತೆ ಅವಳಿಗೆ ಮೆಣಸು ಹಾಕಿದ ಹಾಲು ಕಾಯಿಸಿಕೊಟ್ಟರು. ನನಗೆ ಬಾಣಂತನದಲ್ಲೂ ಅಷ್ಟು ಹಾಲು ಸಿಕ್ಕಿರಲಿಲ್ಲ. ನಮ್ಮ ಯಜಮಾನರು ಎತ್ತಿಗೆ ನೀರು ಕುಡಿಸುವ ನೆಪದಲ್ಲಿ ಬಾಗಿಲ ಹತ್ತಿರ ನಿಲ್ಲುತ್ತಿದ್ದರು. ಎತ್ತು ನೀರು ಕುಡಿದು ಹೋಗಿ ಎಷ್ಟೋ ಹೊತ್ತಾದ ಮೇಲೂ ನಿಂತಿರುತ್ತಿದ್ದರು. ಖಾಲಿ ಬಕೆಟ್ಟು ಕೈಯಲ್ಲಿ.

ನನಗೆ ಉರಿಯುತ್ತಿತ್ತು. ಒಂದು ದಿನ ಎರಡು ದಿನದ ಉರಿಯಲ್ಲ. ಅವಳ ಹಿಂದೆ ನಡೆಯುವಾಗ ಅವಳ ನೆರಳನ್ನು ತುಳಿಯುತ್ತಿದ್ದೆ.

ಒಂದು ಸಲ ಅವಳು ಮೂರು ದಿನ ಹೊರಗೆ ಕೂತಾಗ ನಾನೇ ಕಥೆ ಹೇಳೋಣ ಅಂತ ಕಂಬದ ಹತ್ತಿರ ಕೂತೆ. ಅದೇ ವಿಜಯನಗರದ ಮುದುಕನ ಕಥೆ. ಯುದ್ಧಕ್ಕೆ ಹೋದ, ಆನೆ ಬಂತು, ಕೆಳಗೆ ಬಿದ್ದ, ತಲೆ ಕಡಿದರು. ಅರ್ಧ ಮಂಕರಿ ಸೊಪ್ಪು ಹೆಚ್ಚುವುದರೊಳಗೆ ಮುಗಿದುಹೋಯಿತು. ಎದುರಿಗೆ ಕೂತವಳೊಬ್ಬಳು, "ಅಕ್ಕ, ರಾಜನ್ನ ಕೊಯ್ದು ಕೈ ತೊಳ್ಕೊಂಡೂ ಬಂದ್ಬಿಟ್ರಲ್ಲ" ಅಂದಳು. ಆ ನಗು ಮೂರು ದಿನ ನಿಲ್ಲಲಿಲ್ಲ. ಸೌಟು ಹಿಡಿದರೂ ಅದೇ ಮಾತು, "ಅಕ್ಕ ಕೈ ತೊಳ್ಕೊಂಡ್ರಾ?" ಹೊರಗೆ ಕೂತಿದ್ದ ನನ್ನ ವಾರಗಿತ್ತಿಯೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನು ನೋಡಿದೆ.

ಪರಂಗಿಯವರ ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ ಅದು. ವಿಮಾನದಿಂದ ಕೆಳಗೆ ಹಾರುವವರ ಕೊಡೆಗೆ ರೇಷ್ಮೆ ಬೇಕು ಅಂತ ಗೂಡಿಗೆ ಒಳ್ಳೇ ಬೆಲೆ ಬಂದಿತ್ತು. ಊರಲ್ಲಿ ಕಂಡವರೆಲ್ಲ ಹಿಪ್ಪುನೇರಳೆ ನೆಟ್ಟರು. ಆ ಸಲ ನಮ್ಮ ಮನೆ, ಮೇಲಿನ ಬೀದಿಯ ಮನೆ, ಕೆರೆ ಏರಿ ಹತ್ತಿರದ ಮನೆ, ಮೂರೂ ಕಡೆ ಒಬ್ಬನ ಹತ್ತಿರವೇ ಒಂದೇ ದಿನ ಮೊಟ್ಟೆ ತಂದೆವು. ಮೊಟ್ಟೆ ಒಡೆದ ದಿನ ಅತ್ತೆ ಗರಿ ಹಿಡಿದು ಬಗ್ಗಿದರು. ಅವರಿಗೆ ಹುಳುವೇ ಕಾಣಲಿಲ್ಲ. ಕಾಗದದ ಮೇಲೆ ಸುಮ್ಮನೆ ಗರಿ ಆಡಿಸಿದರು. ಆಮೇಲೆ ನಮ್ಮಿಬ್ಬರನ್ನೂ ಕೂರಿಸಿಕೊಂಡು, "ಇದೇ ಕೊನೆ ಕಣ್ರೇ. ಈ ಬೆಳೆ ಗೂಡು ಬಿಡಿಸಿದ ದಿನ ಗರಿ ನಿಮ್ಮಲ್ಲಿ ಒಬ್ಬಳ ಕೈಗೆ ಹಾಕ್ತೀನಿ. ಯಾರ್ಗೆ ಅಂತ ಕೇಳ್ಬೇಡಿ, ನೋಡ್ತಿರ್ತೀನಿ" ಅಂದರು. ಕಣ್ಣು ಕಾಣದವರು ನೋಡುತ್ತಿರುತ್ತೇನೆ ಅಂದದ್ದು ಕೇಳಿ ನನಗೆ ಒಳಗೊಳಗೇ ನಗು ಬಂತು.

ಅದೇ ಬೆಳೆಗೆ ಅವಳು ಸುಲ್ತಾನನ ಕಥೆ ಎತ್ತಿಕೊಂಡಳು. ಈ ಹುಳುವನ್ನು ನಮ್ಮ ಸೀಮೆಗೆ ತಂದವನೇ ಅವನು ಅಂತ ದೊಡ್ಡವರು ಹೇಳುತ್ತಿದ್ದರು. ಹಾಗಾಗಿ ಹೆಂಗಸರಿಗೆ ಅವನು ನೆಂಟನ ಹಾಗೆ. ಎರಡನೇ ಜ್ವರದ ಹೊತ್ತಿಗೆ ಶುರುಮಾಡಿದಳು. ಜೋಯಿಸರು ಬಂದು ಇವತ್ತು ನಿನಗೆ ದಿನ ಚೆನ್ನಾಗಿಲ್ಲ ಅಂದದ್ದು, ಅವನು ಎಣ್ಣೆ ತುಂಬಿದ ಪಾತ್ರೆಯಲ್ಲಿ ಮುಖ ನೋಡಿಕೊಂಡು ಅದನ್ನು ದಾನ ಕೊಟ್ಟದ್ದು, ಊಟಕ್ಕೆ ಕೂತಾಗ ನಂಬಿದ ಸರದಾರ ಗುಂಡು ತಗಲಿ ಬಿದ್ದ ಅಂತ ಸುದ್ದಿ ಬಂದದ್ದು. ಆ ಎಣ್ಣೆಯ ಪಾತ್ರೆಗೇ ಒಂದು ಮಧ್ಯಾಹ್ನ ತೆಗೆದುಕೊಂಡಳು. "ಮುಖಂ ಚೂಸುಕುನ್ನಾಡು ಅಕ್ಕಾ, ಎಣ್ಣೆಯೊಳ್ಗೆ ಅವ್ನ ಮುಖ ಅವ್ನಿಗೇ ಯಾರ್ದೋ ಥರ ಕಾಣ್ಸ್ತು" ಅಂದಳು. ಅಷ್ಟು ಹೊತ್ತಿಗೆ ನನ್ನ ಕೈ ಕೂಡ ನಿಂತಿತ್ತು. ಗೊತ್ತಾದ ತಕ್ಷಣ ಜೋರಾಗಿ ಸೊಪ್ಪು ಹೆಚ್ಚಿದೆ. ಬೆರಳು ಕೊಯ್ದುಕೊಂಡೆ.

ನಮ್ಮ ಗೂಡು ಕೊಳ್ಳಲು ಕೋಲಾರದಿಂದ ಒಬ್ಬ ಸಾಬರು ಬರುತ್ತಿದ್ದರು. ಅವರ ಮನೆಯಲ್ಲೇ ನೂಲು ತೆಗೆಯುವ ಒಲೆ ರಾಟೆ ಇತ್ತು. ಬೆಳೆ ಹೇಗಿದೆ ನೋಡೋಣ ಅಂತ ಬಂದು ಜಗಲಿಯಲ್ಲಿ ನೀರು ಕುಡಿಯುತ್ತಿದ್ದಾಗ ನಾನು ಬಾಗಿಲ ಹಿಂದೆ ನಿಂತು ಕೇಳಿದೆ. "ಸಾಬರೇ, ಸುಲ್ತಾನ್ರು ನಿಜಕ್ಕೂ ಹೆಂಗೆ ಹೋದ್ರು?"

ಅವರು ಚೊಂಬು ಕೆಳಗಿಟ್ಟರು. "ಯಾಕಮ್ಮಾ?"

"ಸುಮ್ನೆ. ನಮ್ಮನೇಲಿ ಒಬ್ಬಳು ಹದಿನೈದು ದಿನದಿಂದ ಹೇಳ್ತಾನೇ ಅವಳೆ."

"ಹದಿನೈದು ದಿನ ಹೇಳೋಕೆ ಏನದೆ? ಊಟಕ್ಕೆ ಕೂತಿದ್ರು, ಎದ್ದು ಕೈ ತೊಳ್ಕೊಂಡು ಹೋದ್ರು. ಗುಂಡು ಬಿತ್ತು, ಕುದುರೇನೂ ಬಿತ್ತು. ಪಲ್ಲಕ್ಕೀಲಿ ಮಲಗ್ಸಿದ್ರಂತೆ. ಯಾರೋ ಸಿಪಾಯಿ ಸೊಂಟದ ಪಟ್ಟಿ ಚಿನ್ನದ್ದು ಅಂತ ಕೈ ಹಾಕ್ದ. ಇವ್ರು ಕತ್ತಿ ಬೀಸಿದ್ರು, ಅವ್ನು ತಲೆಗೆ ಹೊಡ್ದ. ಅವ್ನಿಗೆ ಇವ್ರು ಯಾರೂಂತ್ಲೂ ಗೊತ್ತಿಲ್ಲ. ಕತ್ಲೆ ಆದ್ಮೇಲೆ ದೀವಟಿಗೆ ಹಿಡ್ಕೊಂಡು ಹುಡುಕಿದ್ರು, ಹೆಣದ ರಾಶಿ ಕೆಳ್ಗೆ ಸಿಕ್ಕಿದ್ರು. ಅಷ್ಟೇ." ಚೊಂಬು ಮತ್ತೆ ಎತ್ತಿಕೊಂಡು, "ನಮ್ಮನೇಲಿ ಇದನ್ನ ಕಥೆ ಥರ ಹೇಳಲ್ಲಮ್ಮಾ" ಅಂದರು.

ಅಷ್ಟನ್ನೂ ನಾನು ಒಳಗೆ ಇಟ್ಟುಕೊಂಡೆ. ಯಾವಾಗಲಾದರೂ ಬೇಕಾಗುತ್ತದೆ ಅಂತ.

ನಾಲ್ಕನೇ ಜ್ವರ ಎದ್ದು ಏಳನೇ ದಿನ ಬೆಳಿಗ್ಗೆ ಹುಳು ನೋಡಿದೆ. ನಾಳೆಗೆ ಹಣ್ಣಾಗುತ್ತದೆ ಅಂತ ಹೇಳಿದೆ. ನನ್ನ ಮಾತಿಗೆ ಎರಡು ಮಾತಿಲ್ಲ. ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿದೆವು. ಮೇಲಿನ ಬೀದಿಯವರೂ ಏರಿ ಹತ್ತಿರದವರೂ ಒರಗಿಸಿದರು. ಅವತ್ತು ಮಧ್ಯಾಹ್ನ ಕೊನೆಯ ಸೊಪ್ಪು ಹೆಚ್ಚುವಾಗ ಅವಳು ಸುಲ್ತಾನನನ್ನು ಪಲ್ಲಕ್ಕಿಯಲ್ಲಿ ಮಲಗಿಸಿದಳು. ಸಿಪಾಯಿ ಬಂದ. ಸೊಂಟದ ಪಟ್ಟಿಯ ಕಡೆ ಕೈ ಚಾಚಿದ. ಅವಳೂ ಕೈ ಚಾಚಿ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ, ಸೀರೆ ಕೊಡವಿಕೊಂಡು ಎದ್ದಳು.

"ಅಯ್ಯೋ, ಕೂತ್ಕೊಳೇ! ಆಮೇಲೆ?"

"ಆಮೇಲ್ದು ನಾಳೆ. ಹುಳ ಎತ್ತೋವಾಗ ಹೇಳ್ತೀನಿ."

"ಪಾಪಿ ಮುಂಡೆ, ನಿದ್ದೆ ಬರುತ್ತೇನೇ ನಮಗೆ?"

"ಬರ್ದಿದ್ರೆ ಬೇಗ ಬನ್ನಿ."

ಅತ್ತೆ ಬಾಗಿಲಲ್ಲಿ ಕೂತಿದ್ದರು. ಅವರ ಮುಖದಲ್ಲಿ ಸಣ್ಣ ನಗು. ಆ ನಗು ನೋಡಿಯೇ ನನಗೆ ಗರಿ ಎಲ್ಲಿ ಹೋಗುತ್ತಿದೆ ಅಂತ ತಿಳಿದದ್ದು.

ಸಂಜೆ ನೀರಿಗೆ ಹೋದೆ. ಸೇದುವ ಬಾವಿಯ ಸುತ್ತ ಏಳೆಂಟು ಜನ ಹೆಂಗಸರು. ನಾಳೆ ಮೂರು ಮನೆಯಲ್ಲಿ ಹುಳು ಹಣ್ಣಾಗುತ್ತದೆ ಅನ್ನುವುದು ಅವರ ಬಾಯಲ್ಲೇ ಇಲ್ಲ. ಸುಲ್ತಾನನ ಪಟ್ಟಿ ಹೋಗುತ್ತದೋ ಇಲ್ಲವೋ ಅನ್ನುವುದೇ ಮಾತು. ಒಬ್ಬಳು ಉಳಿಯುತ್ತಾನೆ ಅಂತ, ಇನ್ನೊಬ್ಬಳು ಉಳಿದಿದ್ದರೆ ಪರಂಗಿಯವರು ಯಾಕೆ ಇರುತ್ತಿದ್ದರು ಅಂತ. ನನ್ನನ್ನು ನೋಡಿ ಮೊದಲನೆಯವಳು, "ನಾಳೆ ನಿಮ್ಮನೆಗೇ ಬರೋದು ಕಣಕ್ಕ. ಮೇಲಿನ ಬೀದೀಲಿ ಬೆಲ್ಲದ ಕಾಫಿ ಕೊಡ್ತಾರಂತೆ, ಆದ್ರೂ ನಿಮ್ಮನೆಗೇ. ನಿಮ್ಮ ವಾರಗಿತ್ತಿ ಬಾಯಿಗೋಸ್ಕರ" ಅಂದಳು.

ಅವಳು ಒಳ್ಳೇ ಮನಸ್ಸಿನಿಂದಲೇ ಅಂದದ್ದು.

ನಾನು ಹಗ್ಗ ಬಿಟ್ಟೆ. "ಪಟ್ಟಿಗೆ ಕೈ ಹಾಕ್ದ. ಇವ್ನು ಕತ್ತಿ ಬೀಸ್ದ. ಅವ್ನು ತಲೆಗೆ ಗುಂಡು ಹೊಡ್ದ. ಸತ್ತ. ಹೆಣದ ರಾಶಿ ಕೆಳಗೆ ಸಿಕ್ದ. ಹೊಡ್ದೋನಿಗೆ ಸುಲ್ತಾನ ಅಂತ್ಲೂ ಗೊತ್ತಿರ್ಲಿಲ್ಲ. ಕೋಲಾರದ ಸಾಬ್ರೇ ಹೇಳಿದ್ದು. ಮುಗೀತು."

ಬಾವಿಯ ರಾಟೆ ಇನ್ನೂ ತಿರುಗುತ್ತಿತ್ತು.

ಅಗಸರ ಮುದುಕಿ, "ಅಷ್ಟೇನಾ?" ಅಂದಳು.

"ಅಷ್ಟೇ."

"ನಿಮ್ಮ ಕೈಗೆ ಸಿಕ್ಕಿದ ರಾಜ ಯಾವೋನೂ ಬದುಕಲ್ಲ ಬಿಡಿ" ಅಂದಳು ಮುದುಕಿ. ಈ ಸಲ ಯಾರೂ ನಗಲಿಲ್ಲ. ಒಬ್ಬೊಬ್ಬರೇ ಬಿಂದಿಗೆ ಎತ್ತಿಕೊಂಡು ಹೋದರು. ನನಗೆ ಅವತ್ತು ರಾತ್ರಿ ಒಳ್ಳೇ ನಿದ್ದೆ ಬಂತು. ಸುಳ್ಳು ಯಾಕೆ ಹೇಳಲಿ.

ಬೆಳಗಾಯಿತು. ನಾನು ಹೇಳಿದ ಹಾಗೆಯೇ ಹುಳು ಹಣ್ಣಾಗಿತ್ತು. ಒಂದು ತಟ್ಟೆ ಎರಡು ತಟ್ಟೆಯಲ್ಲ, ಅಟ್ಟಣೆ ಪೂರ್ತಿ. ಕೆಳಗಿನ ತಟ್ಟೆಗೆ ಕೈ ಹಾಕುವಷ್ಟರಲ್ಲಿ ಮೇಲಿನ ತಟ್ಟೆಯವು ಅಂಚಿಗೆ ಹತ್ತಿ ತಲೆ ಆಡಿಸುತ್ತಿದ್ದವು. ಅತ್ತೆ, ನಾನು, ವಾರಗಿತ್ತಿ, ಗಂಡಸರಿಬ್ಬರು. ಕಂಬದ ಹತ್ತಿರ ಅವಳು ಎಲ್ಲರಿಗೂ ಚಾಪೆ ಹಾಸಿಟ್ಟಿದ್ದಳು. ಬಿಸಿಲು ಜಗಲಿ ಹತ್ತಿತು. ಚಾಪೆ ಖಾಲಿ. ಅಗಸರ ಮುದುಕಿ ಮಾತ್ರ ಬಂದಳು, ಅವಳ ಜೊತೆ ಕಿವಿ ಕೇಳದ ಅವಳ ನಾದಿನಿ.

"ಯಾಕೇ ಯಾರೂ ಬರ್ಲಿಲ್ಲ?" ಅಂತ ಅತ್ತೆ ಮೂರು ಸಲ ಕೇಳಿದರು. ಯಜಮಾನರು, "ಹೋಗಿ ಕರ್ಕೊಂಡು ಬರ್ತೀನಿ ಇರು" ಅಂತ ಎದ್ದರು. ಅತ್ತೆ ಬಿಡಲಿಲ್ಲ. "ಹುಳ ಹಣ್ಣಾದ ದಿನ ಬೀದೀಲಿ ಕೂಗ್ತೀಯೇನ್ಲಾ? ಇರೋದೂ ಹೋಗುತ್ತೆ." ಅವರು ಕೂತರು. ಮೇಲಿನ ಬೀದಿಯಿಂದ ಹೆಂಗಸರ ನಗು ನಮಗೆ ಕೇಳುತ್ತಿತ್ತು.

ಹುಳು ಎತ್ತುತ್ತಲೇ ಮುದುಕಿ ಅಂದಳು. "ಇನ್ಯಾಕೆ ಬರ್ತಾರಮ್ಮಾ? ಸುಲ್ತಾನ ನಿನ್ನೆ ಸಂಜೇನೇ ಹೋದ್ನಲ್ಲ, ಬಾವಿ ಹತ್ರ. ದೊಡ್ಡ ಸೊಸೆಮ್ಮನೋರು ಹೇಳಿದ್ರು. ಇನ್ನು ಬೆಲ್ಲದ ಕಾಫಿನಾದ್ರೂ ಸಿಗ್ಲಿ ಅಂತ ಹೋದ್ರು."

ಎಲ್ಲರ ಕೈಯೂ ನಿಂತಿತು. ನಾನು ಮಾತ್ರ ಎತ್ತುತ್ತಲೇ ಇದ್ದೆ.

ವಾರಗಿತ್ತಿ ಅಳುತ್ತಾಳೆ, ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ಪಕ್ಕಕ್ಕೆ ಬಂದು ಕೂತು ಮೆಲ್ಲಗೆ, "ನಾನು ಇವತ್ತೂ ಅವನ್ನ ಸಾಯಿಸ್ತಿರ್ಲಿಲ್ಲ ಅಕ್ಕಾ" ಅಂದಳು. "ಗೂಡು ಬಿಡ್ಸೋ ತನ್ಕ ಇಟ್ಕೋಬೇಕು ಅಂತಿದ್ದೆ. ಗೂಡು ಬಿಡ್ಸೋಕೂ ಜನ ಬೇಕಲ್ಲ. ಅದಕ್ಕೇ ಪಲ್ಲಕ್ಕಿ ಹೊತ್ತೋರ ಕಥೆ ಒಂದು ಹೊಸ್ದಾಗಿ ಕಟ್ಟಿದ್ದೆ." ಹೇಳುತ್ತಾ ಒಂದು ರೋಗದ ಹುಳುವನ್ನು ಎತ್ತಿ ಚಂದ್ರಿಕೆಗೆ ಬಿಟ್ಟಳು. ನಾನು ಅದನ್ನು ತೆಗೆದೆ. ಅವಳು ಜನ ಕೂಡಿಸುವುದಕ್ಕೆ ಅಷ್ಟು ಲೆಕ್ಕ ಹಾಕಿ ಕಥೆ ಹೇಳುತ್ತಿದ್ದಾಳೆ ಅಂತ ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಹೊಗಳಿಕೆಗೆ ಹೇಳುತ್ತಾಳೆ ಅಂದುಕೊಂಡಿದ್ದೆ. ತಿಳಿದ ಮೇಲೆ ನನ್ನ ಹೊಟ್ಟೆಕಿಚ್ಚು ಕಡಿಮೆಯಾಗಲಿಲ್ಲ, ಇನ್ನಷ್ಟು ಹೆಚ್ಚಿತು.

ಏಳು ಜನರ ಕೈಗೆ ಅಟ್ಟಣೆಯ ಅರ್ಧ ಸಿಕ್ಕಿತು. ಉಳಿದ ಅರ್ಧ ಮಧ್ಯಾಹ್ನದ ಹೊತ್ತಿಗೆ ತಟ್ಟೆಯಲ್ಲೇ ನೂಲು ಬಿಡತೊಡಗಿತು. ದಂಟಿಗೆ, ಹಿಕ್ಕೆಗೆ, ಒಂದರ ಮೈಗೆ ಇನ್ನೊಂದು. ಹಸಿರು ಹಳದಿ ನೂಲು ಅಷ್ಟಗಲ ಜೇಡರ ಬಲೆಯ ಹಾಗೆ ಹರಡಿ ಕೂತಿತ್ತು. ನೋಡುವುದಕ್ಕೆ ಚೆನ್ನಾಗಿಯೇ ಇತ್ತು.

ಆರನೇ ದಿನ ಗೂಡು ಬಿಡಿಸಿದೆವು. ಒಳ್ಳೇದು ಒಂದು ಕಡೆ, ಜೋಡಿಗೂಡು, ಕಲೆಯಾದದ್ದು, ಪೊಳ್ಳು ಒಂದು ಕಡೆ. ಎರಡನೆಯ ರಾಶಿ ದೊಡ್ಡದಾಯಿತು. ಅತ್ತೆ ಅದರೊಳಗೆ ಕೈ ಹಾಕಿ ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡಿದರು. ಎಷ್ಟೋ ಹೊತ್ತು ಒತ್ತಿದರು. ಆಮೇಲೆ ಗೋಡೆ ಹಿಡಿದುಕೊಂಡು ಎದ್ದು, ತೊಲೆಯ ಸಂದಿಗೆ ಕೈ ಚಾಚಿ ಗರಿ ತೆಗೆದರು.

"ಕಣ್ಣು ನಿಂದೇ ಕಣೇ ದೊಡ್ಡೋಳೆ" ಅಂದರು. "ಈ ಊರಲ್ಲಿ ನಿನ್ನಂಥ ಕಣ್ಣು ಯಾರ್ಗೂ ಇಲ್ಲ. ಮೊಟ್ಟೆ ಒಡೆದ ದಿನವೇ ನಿಂಗೇ ಕೊಡ್ಬೇಕು ಅಂತ ಮನಸ್ಸಲ್ಲಿ ಇಟ್ಕೊಂಡಿದ್ದೆ."

ನಾನು ಕೈ ಮುಂದೆ ಮಾಡಿದ್ದೆ. ನಿಜವಾಗಿಯೂ ಮುಂದೆ ಮಾಡಿದ್ದೆ.

"ಆದ್ರೆ ನಿನ್ನ ಕೈಗೆ ಕೊಟ್ರೆ ನಮ್ಮನೆ ಅಂಗಳಕ್ಕೆ ಯಾರು ಬರ್ತಾರೆ ಹೇಳು. ಹುಳ ಎತ್ತೋಕೆ ನಿನ್ನ ಕಣ್ಣು ಸಾಲಲ್ಲ."

ಗರಿಯನ್ನು ವಾರಗಿತ್ತಿಯ ಕೈಗೆ ಕೊಟ್ಟರು. ಅವಳು ಅದನ್ನು ತಲೆಕೆಳಗಾಗಿ ಹಿಡಿದುಕೊಂಡಳು. ಯಾವ ತುದಿಯಿಂದ ಗುಡಿಸಬೇಕು ಅಂತಲೂ ಅವಳಿಗೆ ಗೊತ್ತಿರಲಿಲ್ಲ. "ಅಕ್ಕಾ, ನೀವು ತೋರ್ಸ್ಕೊಡಿ" ಅಂದಳು. ನಾನು ಎದ್ದು ಹಟ್ಟಿಗೆ ಹೋಗಿ ಎಮ್ಮೆಗೆ ಹುಲ್ಲು ಹಾಕಿದೆ. ಅದಾಗಲೇ ಒಂದು ಸಲ ಹಾಕಿದ್ದರು.

ಮಾರನೆಯ ಬೆಳಿಗ್ಗೆ ಪೊಳ್ಳು ಗೂಡನ್ನೆಲ್ಲ ಎರಡು ಗಂಟು ಕಟ್ಟಿಕೊಂಡು, ಇದ್ದಿಲಿನ ಹೊಗೆ ಬಿಡುತ್ತಾ ಬಂದ ಬಸ್ಸು ಹತ್ತಿ ಒಬ್ಬಳೇ ಕೋಲಾರಕ್ಕೆ ಹೋದೆ. ಸಾಬರ ಮನೆ ಕೇಳಿಕೊಂಡು ಹೋದರೆ ಅವರು ಇರಲಿಲ್ಲ. ಅವರ ತಾಯಿ ಒಲೆಯ ಮುಂದೆ ಕೂತು ಬಿಸಿ ನೀರಿನಿಂದ ನೂಲು ಎಳೆಯುತ್ತಿದ್ದರು. ಹಲ್ಲಿಲ್ಲ, ಬೆರಳೆಲ್ಲ ಬೆಂದು ಬಿಳುಚಿಕೊಂಡಿತ್ತು. ನನ್ನ ಗಂಟು ಬಿಚ್ಚಿ ನೋಡಿ, "ಯಾ ಅಲ್ಲಾ, ಏನ್ ಮಾಡಿದ್ದು ಬೇಟಿ ಇದು? ಹುಳಕ್ಕೆ ದಾರಿ ಸಿಕ್ಕಿಲ್ವಾ?" ಅಂದರು. ಬೆಲೆ ಮಗ ಬಂದ ಮೇಲೆ ಅಂದರು. ನಾನು ಕಾಯುತ್ತೇನೆ ಅಂತ ಅವರ ಪಕ್ಕದಲ್ಲಿ ಕೂತು ಒಲೆಗೆ ಕಡ್ಡಿ ತಳ್ಳಿದೆ.

ಕಡ್ಡಿ ತಳ್ಳುತ್ತಲೇ ಕೇಳಿದೆ. "ಅಮ್ಮಾ, ಸುಲ್ತಾನ್ರು ಹೋದ್ಮೇಲೆ ಅರಮನೆ ಹೆಂಗಸ್ರು ಏನಾದ್ರು?"

ಅವರು ನೂಲು ಬಿಡದೆ ನನ್ನ ಮುಖ ನೋಡಿದರು. "ಅದು ಯಾಕೆ ಬೇಕು ನಿಂಗೆ?"

"ಬೇಕು. ನಮ್ಮೂರಲ್ಲಿ ಯಾರ್ಗೂ ಗೊತ್ತಿಲ್ಲ."

"ನನ್ ದಾದಿ, ಅಪ್ಪನ ತಾಯಿ, ಹೇಳ್ತಿದ್ದು. ಗಾಡಿ ಮೇಲೆ ಗಾಡಿ, ಎಲ್ಲಾಕ್ಕೂ ಪರದೆ. ಸುತ್ತ ಸಿಪಾಯಿ. ವೆಲ್ಲೂರು ಕೋಟೆಗೆ ತಕ್ಕೊಂಡ್ ಹೋದ್ರು. ಮಕ್ಳು, ಸೊಸೇರು, ಅಡಿಗೆಯೋರು, ಎಲ್ಲಾ. ಹಿಂಗೇ ಹೋದ್ರು ಅಂತಾರೆ, ಕೋಲಾರ, ಮುಳಬ್ಗಲ್, ನಂಗ್ಲಿ, ಘಾಟಿ. ನೋಡಿದ್ದು ಯಾರು? ಅಂತಾರೆ."

ನಂಗಲಿ! ವಾರಗಿತ್ತಿಯ ತವರುಮನೆಯ ಮುಂದೆಯೇ ಹಾದು ಹೋಗಿದ್ದಾರೆ, ಅವಳ ತಾತನಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಅದನ್ನು ಕೇಳಿ ಏಳು ದಿನದ ಮೇಲೆ ನನ್ನ ಮೈಗೆ ಸ್ವಲ್ಪ ತಂಪಾಯಿತು.

"ಇನ್ನೊಂದ್ಸಲ ಹೇಳಿ ಅಮ್ಮಾ, ಮೊದಲಿಂದ" ಅಂದೆ. ಅವರು ಹೇಳಿದರು. ಪರದೆಯ ಬಣ್ಣ ಕೇಳಿದೆ. ಗೊತ್ತಿಲ್ಲ ಅಂದರು. ನಾನೇ ಹಸಿರು ಅಂದುಕೊಂಡೆ. ಗಾಡಿಯಲ್ಲಿ ಯಾರಾದರೂ ಬಸುರಿ ಇದ್ದರೇ ಅಂತ ಕೇಳಿದೆ. "ಅಷ್ಟು ಹೆಂಗಸರಲ್ಲಿ ಒಬ್ರಾದ್ರೂ ಇರ್ಬೇಕಲ್ಲ" ಅಂದರು. ಆ ಬಸುರಿಯನ್ನು ಇಟ್ಟುಕೊಂಡೆ.

ಅವರ ಮಗ ಬಂದು ಗೂಡಿಗೆ ಕೊಟ್ಟದ್ದನ್ನು ಸೆರಗಿಗೆ ಕಟ್ಟಿಕೊಂಡು ಹೊರಟೆ. ವಾಪಸು ಬಸ್ಸು ಹತ್ತಲಿಲ್ಲ. ಬಸ್ಸಿನಲ್ಲಿ ಜನ ಇರುತ್ತಾರೆ, ಬಾಯಿಬಿಟ್ಟು ಹೇಳಿಕೊಳ್ಳಲು ಆಗುವುದಿಲ್ಲ. ಸುಗಟೂರಿನ ರಸ್ತೆ ಹಿಡಿದು ನಡೆದೆ. ಬಿಸಿಲಲ್ಲಿ ಗಾಡಿಗಳನ್ನು ಹೊರಡಿಸಿದೆ, ಪರದೆ ಕಟ್ಟಿದೆ. ಮೊದಲನೆಯ ಸಲ ಒಂದು ಮೈಲಿ ನಡೆಯುವುದರೊಳಗೆ ವೆಲ್ಲೂರು ತಲುಪಿಸಿಬಿಟ್ಟೆ. ಮತ್ತೆ ಶ್ರೀರಂಗಪಟ್ಟಣಕ್ಕೆ ವಾಪಸು ಕರೆತಂದು, ಈ ಸಲ ಎತ್ತುಗಳನ್ನು ನಿಧಾನ ಮಾಡಿದೆ. ನಮ್ಮೂರಿನ ತೋಪು ಕಾಣುವ ಹೊತ್ತಿಗೆ ಗಾಡಿಗಳು ಇನ್ನೂ ಮುಳಬಾಗಿಲು ದಾಟಿರಲಿಲ್ಲ. ಬಸುರಿಗೆ ನೋವು ಕಾಣಿಸಿಕೊಂಡಿತ್ತು. ಅಲ್ಲಿಗೆ ನಿಲ್ಲಿಸಿ, ಸೀರೆ ಕೊಡವಿಕೊಂಡು, ಹೆಂಗಸರು ಕೂತಿರುವ ಮೇಲಿನ ಬೀದಿಯಿಂದಲೇ ಮನೆಗೆ ಹೋದೆ.